ಕುತ್ತಿಗೆಯಲ್ಲಿ ಅಯೋಡಿನ್ ನಿಲ್ಲಬೇಕಿತ್ತು

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುವುದು ವಾಸಿ. ಮುಧೋಳದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನು ನಾನು. ಪಡಸಾಲೆಯಲ್ಲಿ ನನ್ನ ಚಪ್ಪಲಿ ಸದ್ದಾದರೆ ಮೂರು ವರ್ಗಗಳು ತಾವಾಗಿಯೇ ಗಪ್‌ಚಿಪ್ ಆಗುತ್ತಿದ್ದವು. ಅದನ್ನು ಶಿಸ್ತು ಎಂದು ತಿಳಿದು ಹೆಮ್ಮೆಪಡುತ್ತಿದ್ದೆ. ಮನೆಯಲ್ಲೂ ನಾನು ಹೊಸ್ತಿಲು ದಾಟುತ್ತಲೇ ಮಾತು ನಿಲ್ಲುತ್ತಿತ್ತು. ಅದೂ ಶಿಸ್ತೇ ಎಂದುಕೊಂಡಿದ್ದೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ನನ್ನ ಹೆಂಡತಿಯ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಮಿರಜಿನಲ್ಲಿ ಆಪರೇಷನ್ ಮಾಡಿ ಥೈರಾಯಿಡ್ ಗ್ರಂಥಿಯನ್ನೇ ಪೂರ್ತಿ ತೆಗೆದರು. ಪರೀಕ್ಷೆಗೆ ಕಳಿಸಿದ ತುಣುಕಿನ ಫಲ ಬಂದಾಗ ಕ್ಯಾನ್ಸರ್ ಎಂದು ತಿಳಿಯಿತು. ಕುತ್ತಿಗೆಯ ಬದಿಯಲ್ಲಿ ಇನ್ನೂ ಒಂದಿಷ್ಟು ಉಳಿದಿದೆ, ಅದಕ್ಕೆ ಕತ್ತಿ ತಾಗಿಸುವಂತಿಲ್ಲ, ಮುಂಬೈಗೆ ಹೋಗಿ ಕಿರಣ ಸೂಸುವ ಅಯೋಡಿನ್ ಕುಡಿಸಿಕೊಂಡು ಬನ್ನಿ ಎಂದರು. ಆಕೆಗೆ ಆಗ ಮೂವತ್ತಾರು ವರ್ಷ. ಚಿಕಿತ್ಸೆ ಮುಗಿಯುವವರೆಗೆ ಇರಲಿ ಎಂದು ಇಬ್ಬರು ಮಕ್ಕಳನ್ನು ಬನಹಟ್ಟಿಯ ಆಕೆಯ ತವರಿಗೆ ಕಳಿಸಿ ನಾವಿಬ್ಬರೂ ಮುಂಬೈ ರೈಲು ಹತ್ತಿದೆವು.

ಅಲ್ಲಿನ ಡಾಕ್ಟರು ಐವತ್ತರ ಸುಮಾರಿನ ಹೆಣ್ಣುಮಗಳು. ಮರಾಠಿಯಲ್ಲಿ ಮಾತಾಡುತ್ತಿದ್ದರು. ನನಗೂ ಬರುತ್ತದೆ, ಬನಹಟ್ಟಿಯಲ್ಲಿ ಬೆಳೆದ ನನ್ನ ಹೆಂಡತಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಆದರೆ ಮಾತೆಲ್ಲ ನಾನೇ ಆಡಿದೆ. ಮೊದಲು ಒಂದು ಗುಟುಕು ಅಯೋಡಿನ್ ಕೊಟ್ಟು ಚಿತ್ರ ತೆಗೆದು ನೋಡಿದರು. ಮೊದಲ ದಿನ ಕುತ್ತಿಗೆಯ ಎಡಬದಿಯಲ್ಲಿ ಒಂದು ಮಸುಕು ಕಲೆ ಕಂಡಿತು. ಮೂರನೆಯ ದಿನಕ್ಕೆ ಅದೂ ಇರಲಿಲ್ಲ. ನಾನು ಖುಷಿಯಿಂದ, ಹಾಗಾದರೆ ರೋಗ ಹೋಯಿತಲ್ಲ ಎಂದೆ. ಡಾಕ್ಟರು ತಲೆ ಅಲ್ಲಾಡಿಸಿದರು.

ಅವರು ಹೇಳಿದ್ದು ಇಷ್ಟು. ಮೈಯಲ್ಲಿ ಅಯೋಡಿನ್ ಎಳೆದುಕೊಳ್ಳುವ ಗುಣ ಮುಖ್ಯವಾಗಿ ಥೈರಾಯಿಡ್ ಕೋಶಗಳದ್ದು. ಅವು ಕೆಟ್ಟು ಕ್ಯಾನ್ಸರ್ ಆದಮೇಲೂ ಆ ಗುಣ ಅಷ್ಟಿಷ್ಟು ಉಳಿದಿರುತ್ತದೆ. ಆ ಗುಣವನ್ನೇ ಹಿಡಿದು ಅವನ್ನು ಕೊಲ್ಲುವುದು ಈ ಚಿಕಿತ್ಸೆ. ಆದರೆ ಈಕೆಯ ಕೋಶಗಳು ಎಳೆದುಕೊಳ್ಳುವುದು ಕಡಿಮೆ, ಎಳೆದುಕೊಂಡದ್ದನ್ನು ಬಿಟ್ಟುಕೊಡುವುದು ಬೇಗ. ಹೀಗೇ ದೊಡ್ಡ ಗುಟುಕು ಕೊಟ್ಟರೆ ಅಯೋಡಿನ್ ಬಂದ ದಾರಿಗೆ ಸುಂಕವಿಲ್ಲದಂತೆ ಹೊರಟುಹೋಗುತ್ತದೆ, ಕ್ಯಾನ್ಸರ್ ಅಲ್ಲೇ ಇರುತ್ತದೆ.

ಅದಕ್ಕೆ ಮೂರು ಉಪಾಯ ಮಾಡೋಣ ಎಂದರು. ಗ್ರಂಥಿ ತೆಗೆದ ಮೇಲೆ ಆಕೆ ದಿನಾ ತೆಗೆದುಕೊಳ್ಳುತ್ತಿದ್ದ ಥೈರಾಕ್ಸಿನ್ ಗುಳಿಗೆಯನ್ನು ಕೆಲವು ವಾರ ನಿಲ್ಲಿಸುವುದು. ಹಾಗೆ ಮಾಡಿದರೆ ಅಯೋಡಿನ್ ಎಳೆದುಕೊಳ್ಳಿ ಎಂದು ಉಳಿದ ಕೋಶಗಳಿಗೆ ಮೆದುಳಿನ ಬುಡದಿಂದ ಜೋರು ಕರೆ ಹೋಗುತ್ತದೆ. ಎರಡನೆಯದು, ಊಟದಲ್ಲಿ ಅಯೋಡಿನ್ ಬಂದ್ ಮಾಡಿ ಅವುಗಳನ್ನು ಉಪವಾಸ ಕೆಡವುವುದು. ಮೂರನೆಯದು, ಕೊನೆಯ ವಾರ ಲಿಥಿಯಂ ಗುಳಿಗೆ. ಒಳಗೆ ಹೋದ ಅಯೋಡಿನ್ ಹೊರಬೀಳದಂತೆ ಅದು ಬಾಗಿಲು ಹಾಕುತ್ತದೆ ಎಂದರು. ಆ ವಾರ ಆಸ್ಪತ್ರೆಯಲ್ಲೇ ಇದ್ದು ಗುಳಿಗೆ ಶುರುಮಾಡಲಿ, ದಿನ ಬಿಟ್ಟು ದಿನ ರಕ್ತ ನೋಡಬೇಕು ಎಂದೂ ಹೇಳಿದರು.

ನನಗೆ ಹತ್ತನೆಯವರ ಪರೀಕ್ಷೆಯ ಕೆಲಸವಿತ್ತು. ನಾನೇ ಪಟ್ಟು ಹಿಡಿದು, ಗುಳಿಗೆ ಊರಲ್ಲೇ ಶುರುಮಾಡುತ್ತೇನೆ, ನಾನು ರಸಾಯನಶಾಸ್ತ್ರ ಓದಿದವನು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ ಎಂದು ಒಪ್ಪಿಸಿದೆ. ಆ ರಕ್ತಪರೀಕ್ಷೆ ಊರಲ್ಲಿ ಆಗದು ಎಂದು ಅವರಿಗೆ ಮನಸ್ಸಿರಲಿಲ್ಲ. ಕೊನೆಗೆ, ನೀರು ಚೆನ್ನಾಗಿ ಕುಡಿಯಬೇಕು, ಅಯೋಡಿನ್ ಬೆರೆಸಿದ ಪಾಕೀಟಿನ ಉಪ್ಪು ಬೇಡ, ಆದರೆ ಬೇರೆ ಉಪ್ಪು ಎಂದಿನಷ್ಟೇ ತಿನ್ನಬೇಕು, ಕೈ ನಡುಗಿದರೆ ಗುಳಿಗೆ ನಿಲ್ಲಿಸಿ ಫೋನ್ ಮಾಡಬೇಕು ಎಂದು ಬೆರಳು ಮಡಚಿ ಮಡಚಿ ಹೇಳಿದರು. ನಾನು ಹೂಂ ಹೂಂ ಎಂದೆ. ಹೆಂಡತಿ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಆಕೆಗೆ ನಾನು ಹೊರಗೆ ಬಂದಮೇಲೆ ಹೇಳಿದ್ದು ಒಂದೇ ಮಾತು.

"ಎಲ್ಲಾ ನಾ ತಿಳಕೊಂಡೇನಿ. ನೀ ನಾ ಹೇಳಿದಷ್ಟ ಮಾಡು."

ಮುಧೋಳಕ್ಕೆ ಬಂದ ದಿನವೇ ಅಡುಗೆಮನೆಗೆ ನುಗ್ಗಿದೆ. ಆಗ ನಮ್ಮ ಕಡೆ ಪಾಕೀಟಿನ ಉಪ್ಪು ಹೊಸದಾಗಿ ಎಲ್ಲ ಅಂಗಡಿಗೂ ಬಂದಿತ್ತು, ಹರಳುಪ್ಪು ಹುಡುಕಬೇಕಾಗಿತ್ತು. ಆ ಪಾಕೀಟನ್ನೂ ಉಪ್ಪಿನ ಭರಣಿಯನ್ನೂ ಎತ್ತಿ ಹಿತ್ತಲಿಗೆ ಬಿಸಾಡಿದೆ. ಭರಣಿ ಒಡೆಯಿತು.

"ಇವತ್ತಿನಿಂದ ಈ ಮನ್ಯಾಗ ಉಪ್ಪಂದ್ರ ಉಪ್ಪು ಕಾಣಬಾರದು! ತಿಳೀತಿಲ್ಲೋ?"

ಹೆಂಡತಿ, "ಹೂನ್ರಿ" ಎಂದಳು. ನಮ್ಮೂರು ಅನಗವಾಡಿಯಿಂದ ಬಂದು ನಮ್ಮ ಜೊತೆಗಿದ್ದ ಅವ್ವ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು.

ಎರಡು ದಿನದ ಮೇಲೆ ಲೋಕಾಪುರಕ್ಕೆ ಹೋದವನು ಹರಳುಪ್ಪು ತಂದೆ. ಕುರಿಗಳಿಗೆ ನೆಕ್ಕಿಸಲು ನಮ್ಮವರು ಒಯ್ಯುವ ಉಪ್ಪು, ಚೀಲದಲ್ಲಿ ಬರುವಂಥದ್ದು, ಅದಕ್ಕೆ ಯಾರೂ ಏನೂ ಬೆರೆಸಿರುವುದಿಲ್ಲ. ನನ್ನಪ್ಪ ಬದುಕೆಲ್ಲ ಕುರಿ ಕಾಯ್ದವನು. ಆ ಉಪ್ಪು ಚಿಕ್ಕಂದಿನಿಂದ ಕಂಡದ್ದೇ ಈಗ ಉಪಯೋಗಕ್ಕೆ ಬಂತಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅವ್ವ ಮಾತ್ರ ಮೂಗು ಮುರಿದಳು.

"ಕುರಿ ಉಪ್ಪು ತಿನಿಸ್ತೀಯೇನೋ ಬ್ಯಾನಿ ಬಿದ್ದಾಕಿಗಿ?"

"ಸುಮ್ಮಕಿರಬೇ ನೀ. ನಿನಗೇನ್ ತಿಳೀತದ" ಎಂದು ಗದರಿದೆ. ಅಲ್ಲಿಗೆ ಆ ಮಾತು ಮುಗಿಯಿತು ಎಂದು ನಾನು ತಿಳಿದೆ.

ಥೈರಾಕ್ಸಿನ್ ನಿಂತು ಮೂರು ವಾರವಾಗುತ್ತಲೇ ಹೆಂಡತಿಯ ಮುಖ ಊದಿಕೊಂಡಿತು. ದನಿ ದಪ್ಪಗಾಯಿತು. ಮಾರ್ಚ್ ಕೊನೆಯ ಬಿಸಿಲಿನಲ್ಲೂ ಚಳಿ ಎನ್ನುತ್ತಿದ್ದಳು, ಒಂದು ಕೊಡ ನೀರು ಎತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಇದೆಲ್ಲ ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಅದನ್ನು ನೋಡಿ ನನಗೆ ಹೆದರಿಕೆಯ ಬದಲು ಸಮಾಧಾನವೇ ಆಗುತ್ತಿತ್ತು, ಕೋಶಗಳಿಗೆ ಕರೆ ಹೋಗುತ್ತಿದೆ ಎಂದು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೋಮವಾರ ಲಿಥಿಯಂ ಶುರುವಾಯಿತು. ಮುಂದಿನ ಸೋಮವಾರ ಆಸ್ಪತ್ರೆಗೆ ಸೇರಬೇಕು, ಬುಧವಾರ ಈಕೆಗೆಂದೇ ತರಿಸಿದ ಅಯೋಡಿನ್ ಬರುತ್ತದೆ. ಅದು ಡಬ್ಬಿಯಲ್ಲಿ ಕೂತಲ್ಲೇ ಸವೆಯುವ ವಸ್ತು. ಎಂಟು ದಿನ ಕಳೆದರೆ ಅರ್ಧವೇ ಉಳಿಯುತ್ತದೆ. ಆ ವಾರ ತಪ್ಪಿದರೆ ಮತ್ತೆ ಹಾಸಿಗೆ ಯಾವಾಗಲೋ, ಅಷ್ಟರಲ್ಲಿ ಕುತ್ತಿಗೆಯ ಗಡ್ಡೆ ಏನು ಮಾಡುತ್ತದೋ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಬುಧವಾರಕ್ಕೆ ಕೆಂಪು ಗೀಟು ಹಾಕಿದ್ದೆ. ಗುಳಿಗೆ ಯಾತಕ್ಕೆಂದು ಹೆಂಡತಿಗೆ ಹೇಳಲಿಲ್ಲ. ಲಿಥಿಯಂ ಎಂದರೆ ತಲೆ ಕೆಟ್ಟವರಿಗೆ ಕೊಡುವ ಗುಳಿಗೆ ಎಂದು ಔಷಧಿ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ್ದ. ಓಣಿಯಲ್ಲಿ ಸುದ್ದಿಯಾಗುವುದು ಬೇಡ ಎಂದು, "ಶಕ್ತಿ ಗುಳಿಗಿ" ಎಂದು ಹೇಳಿದೆ.

ಗುರುವಾರ ಬೆಳಗ್ಗೆ ಆಕೆ ರೊಟ್ಟಿ ಬಡಿಯುವಾಗ ಸದ್ದು ಬೇರೆ ಬರುತ್ತಿತ್ತು. ನೋಡಿದರೆ ಅಂಗೈ ನಡುಗುತ್ತಿದೆ, ರೊಟ್ಟಿ ಅಂಚಿನಲ್ಲಿ ಹರಿಯುತ್ತಿದೆ. ಡಾಕ್ಟರು ಬೆರಳು ಮಡಚಿ ಹೇಳಿದ ಮಾತು ನೆನಪಿಗೆ ಬಂತು. ಅದರ ಹಿಂದೆಯೇ ಬುಧವಾರದ ಕೆಂಪು ಗೀಟೂ ನೆನಪಿಗೆ ಬಂತು.

"ಯಾಕ, ಕೈ ಯಾಕ ನಡಗಾಕತ್ತದ?"

"ಏನಿಲ್ಲರಿ. ಅಶಕ್ತಿ."

ಆ ಮಾತನ್ನು ನಾನು ನಂಬಲು ಕಾಯುತ್ತಿದ್ದೆ, ನಂಬಿದೆ. ಫೋನ್ ಮಾಡಲಿಲ್ಲ. ಗುಳಿಗೆ ನಿಲ್ಲಿಸಲೂ ಇಲ್ಲ. ಬಾಗಿಲು ಹಾಕುವ ಗುಳಿಗೆ ಮೂರು ದಿನಕ್ಕೆ ನಿಲ್ಲಿಸಿದರೆ ಈ ಒಂದು ತಿಂಗಳ ಯಾತನೆ ನೀರಿನಲ್ಲಿ ಹೋಮ ಮಾಡಿದಂತೆ ಎಂದು ಲೆಕ್ಕ ಹಾಕಿದೆ.

ಶುಕ್ರವಾರ ಪರೀಕ್ಷೆಯ ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ನಿಂತಿದ್ದಳು. ಬೆಳಗಿನಿಂದ ವಾಂತಿ, ಭೇದಿ. ಒಳಗೆ ಹೋದರೆ ಹೆಂಡತಿ ಗೋಡೆಗೆ ಒರಗಿ ಕೂತಿದ್ದಾಳೆ, ಕಣ್ಣು ತೆರೆದಿದೆ, ಆದರೆ ನನ್ನ ಮೇಲೆ ನಿಲ್ಲುತ್ತಿಲ್ಲ. ಏನೋ ಹೇಳಿದಳು, ಕುಡಿದವರ ನಾಲಗೆಯಂತೆ ಮಾತು ತೊದಲಿತು. ಎಬ್ಬಿಸಿ ನಿಲ್ಲಿಸಿದರೆ ಕಾಲು ಎತ್ತಲೋ ಹೋಯಿತು. ಟಾಂಗಾ ತರಿಸಿ, ಅವ್ವನೂ ನಾನೂ ಹಿಡಿದುಕೊಂಡು ಪೇಟೆಯ ಡಾಕ್ಟರ ಕಡೆ ಒಯ್ದೆವು.

ಆ ಡಾಕ್ಟರು ಮುದುಕರು. ಹರೆಯದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದ್ದವರು. ಅದು ನಮ್ಮ ಪುಣ್ಯ. ಗುಳಿಗೆಯ ಪಟ್ಟಿ ನೋಡುತ್ತಲೇ ಕನ್ನಡಕ ತೆಗೆದರು.

"ಮಾಸ್ತರ, ಇದು ಲಿಥಿಯಂ. ಉಪ್ಪು ತಿಂತಾರಿಲ್ಲೋ ಇವ್ರು?"

"ತಿಂತಾಳ್ರಿ. ಅಯೋಡಿನ್ ಇರಲಾರದ್ದು ನಾನs ಲೋಕಾಪುರದಿಂದ ತಂದೇನಿ. ದಿನಾ ಪಲ್ಯಾದಾಗ ಅದs ಇರತದ, ನಾನೂ ಉಂಡೇನಲ್ರಿ."

"ನಿಮ್ಮದಲ್ಲ. ಅವರ ತಾಟಿಂದು ಕೇಳಾಕತ್ತೇನಿ."

ನಮ್ಮ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷ, ಆಕೆಯ ತಾಟಿನಲ್ಲಿ ಏನಿರುತ್ತದೆ ಎಂದು ನಾನು ಒಂದು ದಿನವೂ ನೋಡಿದವನಲ್ಲ.

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದೆ ಬಂದಳು.

"ಇಲ್ಲರೀ ಸಾಹೇಬ್ರ. ಆಕಿ ಉಪ್ಪು ಬಿಟ್ಟು ತಿಂಗಳಾತು. ಔಷದ ಕುತಗೀಗಿ ಹತ್ತೂಮಟ ಸಪ್ಪನ ಊಟ ಮಾಡ್ತೇನಿ ಅಂತ ಬೀರಪ್ಪಗ ನಡಕೊಂಡಾಳ. ನಾನs ಹೇಳಿದ್ನಿ. ಇವನೂ ಮನ್ಯಾಗ ಉಪ್ಪ ಕಾಣಬಾರದಂತ ಭರಣಿ ಒಡದ. ದೇವ್ರೂ ಅದನs ಅಂತಾನ, ಡಾಕ್ಟರೂ ಅದನs ಅಂತಾರ, ಛಲೋನs ಆತು ಅಂದ್ಕೊಂಡಿವಿ."

ನಮ್ಮವರಲ್ಲಿ ಇದು ಹೊಸದಲ್ಲ. ಕುರಿಗೆ ರೋಗ ಬಂದಾಗ, ಮಗು ಹಾಸಿಗೆ ಹಿಡಿದಾಗ, ಹೆಂಗಸರು ಬೀರೇಶ್ವರನಿಗೆ ಬೇಡಿಕೊಂಡು ಉಪ್ಪು ಬಿಡುತ್ತಾರೆ, ಬೇಡಿದ್ದು ಕೈಗೂಡಿದ ದಿನ ಭಂಡಾರದ ಅರಿಶಿನ ಹಚ್ಚಿಕೊಂಡು ಬಿಟ್ಟ ಉಪ್ಪನ್ನು ಮತ್ತೆ ಬಾಯಿಗಿಡುತ್ತಾರೆ. ನನ್ನ ಅವ್ವ ನನ್ನ ವಿಷಮಶೀತ ಜ್ವರಕ್ಕೆ ಹಾಗೆ ಬಿಟ್ಟಿದ್ದಳಂತೆ. ಅದರಿಂದ ಯಾರಿಗೂ ಕೇಡಾಗಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಮೈಯಲ್ಲಿ ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಇದ್ದ ಉಪ್ಪನ್ನು ಬಿಗಿಹಿಡಿಯುತ್ತದೆ, ಅದರ ಜೊತೆ ಲಿಥಿಯಂ ಅನ್ನೂ ಬಿಡುವುದಿಲ್ಲ. ಥೈರಾಕ್ಸಿನ್ ಇಲ್ಲದೆ ಆಕೆಯ ಮೂತ್ರಪಿಂಡ ಮೊದಲೇ ಮಂದವಾಗಿತ್ತು, ಮೇಲೆ ಬಿಸಿಲಿನ ಬೆವರು. ದಿನದ ಗುಳಿಗೆ ದಿನಕ್ಕೆ ಹೋಗದೆ ರಕ್ತದಲ್ಲಿ ಕೂಡುತ್ತ ಕೂಡುತ್ತ ವಿಷವಾಗಿತ್ತು. ಇದನ್ನೆಲ್ಲ ಮುದುಕ ಡಾಕ್ಟರು ಸಲೈನ್ ಸೂಜಿ ಚುಚ್ಚುತ್ತಲೇ ನನಗೆ ಹೇಳಿದರು.

ನಾನು ಅವ್ವನ ಕಡೆ ತಿರುಗಿ ಹಲ್ಲು ಕಡಿದೆ. "ನನಗ ಒಂದ್ ಮಾತ್ ಹೇಳಾಕ ಏನ್ ಧಾಡಿ ಆಗಿತ್ತು ನಿಮಗ?"

ಅವ್ವ ಹೆದರಲಿಲ್ಲ. ಅಂದು ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದಳು. "ನಿನಗ ಹೇಳೂಹಂಗ ಎಲ್ಲಿಟ್ಟೀಯೋ ಯಪ್ಪಾ? ಬಾಯಿ ತಗದ್ರ ನಿನಗೇನ್ ತಿಳೀತದ ಅಂತೀ. ಈಗೂ ಒದರಾಕತ್ತಿ ನೋಡು."

ಡಾಕ್ಟರು ಇಬ್ಬರನ್ನೂ ಸುಮ್ಮನಾಗಿಸಿದರು. ಬಾಟಲಿಯಲ್ಲಿರುವುದು ಉಪ್ಪುನೀರು ಎಂದು ಕೇಳಿದ ಅವ್ವನಿಗೆ ಇನ್ನೊಂದು ಚಿಂತೆ ಹತ್ತಿತು. ನರದಾಗಿಂದ ಹೋದ ಉಪ್ಪಿಗೆ ನೇಮ ಕೆಡತದೇನ್ರಿ ಎಂದು ಮೆಲ್ಲಗೆ ಕೇಳಿದಳು. "ಬಾಯಾಗ ಹಾಕಿಲ್ಲಬೇ ಯವ್ವಾ, ನಿಮ್ಮ ಬೀರಪ್ಪ ಶಾಣ್ಯಾ ಅದಾನ, ನಡೀತದ" ಎಂದರು ಡಾಕ್ಟರು. ಆ ಹೊತ್ತಿನಲ್ಲಿ ನನಗೂ ಆ ಮಾತು ನಡೆಯಲಿ ಎನಿಸಿತು.

ಎಸ್‌ಟಿಡಿ ಅಂಗಡಿಯಿಂದ ಮುಂಬೈಗೆ ಫೋನ್ ಮಾಡಿದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗುಳಿಗೆ ನಿಲ್ಲಿಸಿ, ಸಲೈನ್ ನಡೆಯಲಿ, ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರೆ ಮಾತ್ರ ಕರೆತನ್ನಿ, ರಕ್ತ ನೋಡಿ ಆಮೇಲೆ ಹೇಳುತ್ತೇನೆ ಎಂದರು. ಭಾನುವಾರದ ಹೊತ್ತಿಗೆ ಹೆಂಡತಿಯ ಮಾತು ಸ್ವಲ್ಪ ನೆಟ್ಟಗಾಯಿತು. ವಾಂತಿ ನಿಂತಿತು, ಮುದುಕ ಡಾಕ್ಟರು ಹೊರಡಬಹುದು ಎಂದರು. ಜಮಖಂಡಿಯ ಮೇಲೆ ಮಿರಜಿಗೆ ಜೀಪು ಮಾಡಿಕೊಂಡು ಹೊರಟೆವು. ದಾರಿಯುದ್ದ ಆಕೆ ಕಣ್ಣು ಮುಚ್ಚಿಕೊಂಡೇ ಇದ್ದಳು. ನಾನು ಹತ್ತು ನಿಮಿಷಕ್ಕೊಮ್ಮೆ ಆಕೆಯ ಬೆರಳು ಹಿಡಿದು ನಡುಕ ನೋಡುತ್ತಿದ್ದೆ.

ಮಿರಜಿನಿಂದ ರಾತ್ರಿ ರೈಲಿಗೆ ಮುಂಬೈ ಸೇರಿದೆವು. ಸೋಮವಾರ ರಕ್ತ ತೆಗೆದರು, ಮಂಗಳವಾರ ಮತ್ತೆ ತೆಗೆದರು. ಮಂಗಳವಾರ ಸಂಜೆ ಡಾಕ್ಟರು ಚೀಟಿ ಹಿಡಿದು ಬಂದರು. ಲಿಥಿಯಂ ಇಳಿದಿದೆ, ಈಗ ಇರುವುದು ನಮಗೆ ಬೇಕಾದಷ್ಟೇ. ಆದರೆ ಇಲ್ಲಿಂದ ಮುಂದೆ ಗುಳಿಗೆ ಕೊಡದಿದ್ದರೆ ಅದೂ ಇಳಿದುಹೋಗಿ ಅಯೋಡಿನ್ ಮೊದಲಿನಂತೆ ಸೋರಿಹೋಗಬಹುದು. ಕೊಟ್ಟರೆ, ಅರ್ಧ ಗುಳಿಗೆಯಂತೆ, ದಿನಾ ರಕ್ತ ನೋಡುತ್ತ ಕೊಡಬೇಕು. ಅಪಾಯ ಇಲ್ಲವೇ ಇಲ್ಲ ಎಂದು ಹೇಳಲಾರೆ. ಈ ಮಾತನ್ನು ಅವರು ನನಗೆ ಹೇಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಮರಾಠಿಯಲ್ಲಿ, ನಿಧಾನವಾಗಿ ಹೆಂಡತಿಗೆ ಹೇಳಿದರು. ಅದು ಯಾವ ಗುಳಿಗೆ, ಯಾತಕ್ಕೆ, ಉಪ್ಪು ಯಾಕೆ ಬೇಕು ಎಲ್ಲವನ್ನೂ ಹೇಳಿ, ಏನು ಮಾಡೋಣ ಎಂದು ಕೇಳಿದರು.

ಹೆಂಡತಿ ರೂಢಿಯಂತೆ ನನ್ನ ಮುಖ ನೋಡಿದಳು. ನಾನು ಉತ್ತರಕ್ಕೆ ಬಾಯಿ ತೆರೆದೇಬಿಟ್ಟಿದ್ದೆ.

ಡಾಕ್ಟರು ನನ್ನ ಕಡೆ ನೋಡದೆಯೇ ಅಂಗೈ ಎತ್ತಿ ತಡೆದರು. ಆಮೇಲೆ ಹೆಂಡತಿ ಮರಾಠಿಯಲ್ಲಿ ಹೇಳಿದಳು, ಗುಳಿಗೆ ಕೊಡಿರಿ, ಉಪ್ಪೂ ತಿನ್ನುತ್ತೇನೆ. ನಿಮ್ಮ ಹತ್ತಿರ ಇನ್ನೂ ಹೇಳುವುದಿದೆ, ಇವರನ್ನು ಹೊರಗೆ ಕಳಿಸಿರಿ.

ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಬಾಗಿಲಾಚೆ ಆಕೆಯ ದಪ್ಪ ದನಿ ನಿಲ್ಲದೆ ಹರಿಯುತ್ತಿತ್ತು. ಅಷ್ಟು ಹೊತ್ತು ಆಕೆ ಒಟ್ಟಿಗೆ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮೊದಲು ಸಿಟ್ಟು ಬಂತು, ನಾನಿಲ್ಲದೆ ಅದೇನು ಹೇಳುವುದಿದೆ ಎಂದು. ಆಮೇಲೆ ಸಂಕಟವಾಯಿತು. ಆಕೆ ಏನು ಹೇಳಿದಳೆಂದು ಡಾಕ್ಟರು ನನಗೆ ತಿಳಿಸಲಿಲ್ಲ, ನಾನು ಕೇಳುವ ಧೈರ್ಯವನ್ನೂ ಮಾಡಲಿಲ್ಲ.

ಬುಧವಾರ ಸೀಸದ ಡಬ್ಬಿಯಲ್ಲಿ ಅಯೋಡಿನ್ ಬಂತು. ಆಕೆ ಅದನ್ನು ನಳಿಕೆಯಿಂದ ಹೀರಿ ಕುಡಿದಳು. ಅಲ್ಲಿಂದ ಆಕೆ ಒಂಟಿ ಕೋಣೆಯಲ್ಲಿ. ಮೈಯಿಂದ ಕಿರಣ ಹೊರಡುತ್ತದೆಂದು ಯಾರೂ ಹತ್ತಿರ ಹೋಗುವಂತಿಲ್ಲ. ಪಡಸಾಲೆಯ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ದಿನಕ್ಕೆರಡು ಸಲ, ಎರಡೆರಡು ನಿಮಿಷ, ಗೆರೆಯ ಈಚೆ ನಿಂತು ತೆರೆದ ಬಾಗಿಲಿನಿಂದ ನೋಡಬಹುದಿತ್ತು. ಆಕೆ ಒಳಗೆ ಮಂಚದ ಮೇಲೆ ಕೂತಿರುತ್ತಿದ್ದಳು. "ಹೆಂಗದೀ?" ಎಂದರೆ "ಆರಾಮದೇನ್ರಿ" ಎನ್ನುತ್ತಿದ್ದಳು. ಕೈ ಚಾಚಿ ತೋರಿಸು ಎಂದರೆ ತೋರಿಸುತ್ತಿದ್ದಳು. ಅಷ್ಟು ದೂರದಿಂದ ನಡುಕ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ.

ಗುರುವಾರದ ರಕ್ತ ಸರಿಯಿತ್ತು. ಶುಕ್ರವಾರದ್ದು ತುಸು ಏರಿತ್ತು, ಗುಳಿಗೆ ಒಂದು ಹೊತ್ತು ತಪ್ಪಿಸಿದರು. ಶನಿವಾರ ಮತ್ತೆ ಸರಿಯಾಯಿತು. ಸೋಮವಾರ ಬೆಳಗ್ಗೆ ಆಕೆಯನ್ನು ಚಿತ್ರ ತೆಗೆಯುವ ಯಂತ್ರಕ್ಕೆ ಒಯ್ದು ತಿರುಗಿ ಕೋಣೆಗೆ ತಂದು ಬಿಟ್ಟರು. ನನ್ನನ್ನು ಡಾಕ್ಟರು ಕೆಳಗಿನ ಕೋಣೆಗೆ ಕರೆದರು. ಗೋಡೆಯ ದೀಪಕ್ಕೆ ಎರಡು ಚಿತ್ರ ಸಿಕ್ಕಿಸಿದ್ದರು. ಒಂದು ಹಿಂದಿನ ಸಲದ ಮೂರನೆಯ ದಿನದ್ದು, ಕುತ್ತಿಗೆ ಖಾಲಿ. ಇನ್ನೊಂದರಲ್ಲಿ ಅದೇ ಕುತ್ತಿಗೆಯ ಎಡಬದಿಯಲ್ಲಿ ಶಾಯಿ ಚೆಲ್ಲಿದಷ್ಟು ಕಪ್ಪು, ಗಟ್ಟಿಯಾಗಿ ಕೂತಿತ್ತು. ಕೊಟ್ಟು ಐದು ದಿನವಾದ ಮೇಲೂ ಕೂತಿತ್ತು.

ಹಿಡಿದುಕೊಂಡಿದೆ, ಬಿಟ್ಟಿಲ್ಲ ಎಂದರು ಡಾಕ್ಟರು. ಕರೆಯಿಂದಲೋ ಉಪವಾಸದಿಂದಲೋ ಗುಳಿಗೆಯಿಂದಲೋ ಎಂದು ನಾನು ವಿಂಗಡಿಸಿ ಹೇಳಲಾರೆ, ಆದರೆ ಕೆಲಸವಾಗುತ್ತಿದೆ ಎಂದರು.

ನಾನು ಲಿಫ್ಟಿಗೆ ಕಾಯಲಿಲ್ಲ. ನಾಲ್ಕು ಮಹಡಿಯ ಮೆಟ್ಟಿಲನ್ನು ಓಡುತ್ತ ಹತ್ತಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಗೆರೆಯ ಹತ್ತಿರ ಬಂದು, ಇಡೀ ಬದುಕಿನಲ್ಲಿ ಅಷ್ಟು ಸಂತೋಷ ಕಂಡವನಲ್ಲ ನಾನು, ನನಗಿದ್ದ ಒಂದೇ ದನಿಯಲ್ಲಿ, ಮೂರು ವರ್ಗಗಳನ್ನು ಸುಮ್ಮನಾಗಿಸುವ ಅದೇ ದನಿಯಲ್ಲಿ ಆಕೆಯ ಹೆಸರು ಹಿಡಿದು ಕೂಗಿದೆ.

ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೆಚ್ಚಿಬಿದ್ದು ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಆನುವವರೆಗೆ ಹಿಂದೆ ಸರಿದಳು.

"ನನ್ನಿಂದ ಏನ್ ತಪ್ಪಾತ್ರಿ?" ಎಂದಳು.

ನಾನು ಗೆರೆಯ ಈಚೆಗೇ ನೆಲದ ಮೇಲೆ ಕೂತುಬಿಟ್ಟೆ. ಸುದ್ದಿ ಹೇಳಬೇಕಿತ್ತು, ಆದರೆ ಅದನ್ನು ಹೇಳುವಂಥ ಮೆಲುದನಿ ನನ್ನ ಗಂಟಲಲ್ಲಿ ತಕ್ಷಣಕ್ಕೆ ಸಿಗಲಿಲ್ಲ.